ಸುಟ್ಟರೂ ನಕ್ಷೆ ಬಿಡದ ಊರು: ಬರ್ಗನ್ ನೋಡುವುದು ಹೇಗೆ

ನಾರ್ವೆಯ ಬಗ್ಗೆ ಹುಡುಕಿದರೆ ಕಣ್ಣಿಗೆ ಬೀಳುವ ಚಿತ್ರಗಳು ಮುಖ್ಯವಾಗಿ ಎರಡು. ಒಂದು, ಬೆಟ್ಟಗಳ ನಡುವೆ ಒಳನುಗ್ಗಿದ ಕಡಲು. ಇನ್ನೊಂದು, ನೀರಿಗೆ ಮುಖ ಮಾಡಿ ಸಾಲಾಗಿ ನಿಂತ ಕೆಂಪು, ಹಳದಿ, ಬಿಳಿ ಬಣ್ಣದ ಮರದ ಮನೆಗಳು. ಆ ಎರಡನೆಯದು ಬರ್ಗನ್ ನಗರದ ಬ್ರಿಗ್ಗೆನ್ ಎಂಬ ಹಳೆಯ ಬಂದರು ಸಾಲು. ಪ್ರವಾಸಿ ಪುಸ್ತಿಕೆಗಳು ಅದನ್ನು ಮಧ್ಯಯುಗದ ಬಂದರು ಅಂತಲೇ ಕರೆಯುತ್ತವೆ. ನೋಡಿದವರೂ ಎಂಟುನೂರು ವರ್ಷದ ಮನೆಗಳು ಇನ್ನೂ ನಿಂತಿವೆ ಅಂದುಕೊಂಡು ವಾಪಸ್ ಬರುತ್ತಾರೆ.

ಆದರೆ ಆ ಮರದ ಮನೆಗಳಲ್ಲಿ ಒಂದೂ ಮಧ್ಯಯುಗದ್ದಲ್ಲ. 1702ರ ಬೆಂಕಿಯಲ್ಲಿ ಬ್ರಿಗ್ಗೆನ್ ಸುಟ್ಟುಹೋಯಿತು. ಈಗ ನಿಂತಿರುವ ಮರದ ಸಾಲೆಲ್ಲ ಅದರ ನಂತರ ಕಟ್ಟಿದ್ದು. ಹಾಗಿದ್ದರೂ ಯುನೆಸ್ಕೊ 1979ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾರ್ವೆಯಿಂದ ಆ ಪಟ್ಟಿಗೆ ಮೊದಲು ಹೋದ ಎರಡು ಜಾಗಗಳಲ್ಲಿ ಇದೂ ಒಂದು. ಇನ್ನೊಂದು ಉರ್ನೆಸ್‌ನ ಮರದ ಚರ್ಚು. ಮುನ್ನೂರು ವರ್ಷ ಹಳೆಯ ಮನೆಗಳಿಗೆ ಯೂರೋಪಿನಲ್ಲಿ ಬರವೇನೂ ಇಲ್ಲ. ಹಾಗಾದರೆ ಇಲ್ಲಿ ಹಳೆಯದು ಯಾವುದು?

ಬರ್ಗನ್ ನೋಡಲು ಹೋಗುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಉತ್ತರ ಗೊತ್ತಾದರೆ ಊರಿನ ಬೀದಿ, ಊಟ, ಸಂಗೀತ ಎಲ್ಲವೂ ಒಂದೊಂದಾಗಿ ಅರ್ಥವಾಗುತ್ತಾ ಹೋಗುತ್ತವೆ. ಉತ್ತರ ಶುರುವಾಗುವುದು ಮೀನಿನಿಂದ.

ಉಪ್ಪಿಲ್ಲದ ಒಣಮೀನು

ಬರ್ಗನ್ ಇರುವುದು ನಾರ್ವೆಯ ನೈಋತ್ಯ ಕರಾವಳಿಯಲ್ಲಿ, 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಭೂಪಟದಲ್ಲಿ ಅದೇ ಗೆರೆ ಹಿಡಿದು ಪಶ್ಚಿಮಕ್ಕೆ ಹೋದರೆ ಗ್ರೀನ್‌ಲ್ಯಾಂಡಿನ ದಕ್ಷಿಣ ತುದಿ ಸಿಗುತ್ತದೆ. ಅಲ್ಲಿ ಹಿಮಗಡ್ಡೆ, ಇಲ್ಲಿ ಚಳಿಗಾಲದಲ್ಲೂ ಹೆಪ್ಪುಗಟ್ಟದ ಬಂದರು. ಅಟ್ಲಾಂಟಿಕ್ ಸಾಗರದಲ್ಲಿ ದಕ್ಷಿಣದಿಂದ ಬರುವ ಬೆಚ್ಚನೆಯ ಪ್ರವಾಹ ನಾರ್ವೆಯ ಕರಾವಳಿ ಸವರಿಕೊಂಡು ಹೋಗುವುದೇ ಇದಕ್ಕೆ ಕಾರಣ. ಜೊತೆಗೆ ಸುತ್ತ ಬೆಟ್ಟಗಳ ಆಸರೆ, ಎದುರಿಗೆ ದೊಡ್ಡ ಅಲೆ ತಡೆಯುವ ದ್ವೀಪಗಳು. ವೋಗೆನ್ ಎಂಬ ಉದ್ದನೆಯ ಕೊಲ್ಲಿಯ ದಂಡೆಯಲ್ಲಿ ರಾಜ ಓಲಾವ್ ಕ್ಯುರ್ರೆ 1070ರ ಸುಮಾರಿಗೆ ಊರು ಕಟ್ಟಿಸಿದ ಅಂತ ಇತಿಹಾಸ ಹೇಳುತ್ತದೆ. 13ನೇ ಶತಮಾನದಲ್ಲಿ ಇದು ನಾರ್ವೆಯ ರಾಜರ ಮುಖ್ಯ ಊರಾಗಿತ್ತು.

ಊರಿಗೆ ದುಡ್ಡು ಬಂದದ್ದು ಮಾತ್ರ ಅಲ್ಲಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ದೂರದ ಲೋಫೋಟೆನ್ ದ್ವೀಪಗಳಿಂದ. ಪ್ರತಿ ಚಳಿಗಾಲ ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನು ಮೊಟ್ಟೆಯಿಡಲು ಆ ದ್ವೀಪಗಳ ಸುತ್ತ ಗುಂಪುಗುಂಪಾಗಿ ಬರುತ್ತದೆ. ಮೀನುಗಾರರು ಅದನ್ನು ಹಿಡಿದು, ತಲೆ ಮತ್ತು ಕರುಳು ತೆಗೆದು, ಎರಡೆರಡನ್ನು ಬಾಲದ ಹತ್ತಿರ ಕಟ್ಟಿ ಮರದ ಅಟ್ಟಣಿಗೆಗಳ ಮೇಲೆ ನೇತುಹಾಕುತ್ತಾರೆ. ಫೆಬ್ರವರಿಯಿಂದ ಮೇವರೆಗೆ ಅದು ಗಾಳಿಗೆ ಅಲ್ಲೇ ಇರುತ್ತದೆ.

ಇಲ್ಲಿ ಉಪ್ಪಿನ ಹಂಗಿಲ್ಲ. ನಮ್ಮ ಕರಾವಳಿಯ ಸೆಖೆಯಲ್ಲಿ ಉಪ್ಪು ಹಾಕದೆ ದೊಡ್ಡ ಮೀನು ಒಣಗಿಸಲು ಹೊರಟರೆ ಎರಡು ದಿನದಲ್ಲಿ ಕೊಳೆಯುತ್ತದೆ. ಲೋಫೋಟೆನ್‌ನಲ್ಲಿ ಆ ತಿಂಗಳುಗಳ ತಾಪಮಾನ ಸೊನ್ನೆಯ ಆಸುಪಾಸಿನಲ್ಲೇ ಆಡುತ್ತಿರುತ್ತದೆ. ಅದಕ್ಕಿಂತ ಜಾಸ್ತಿ ತಣ್ಣಗಾದರೆ ಮೀನಿನೊಳಗಿನ ನೀರು ಹೆಪ್ಪುಗಟ್ಟಿ ಮಾಂಸ ಒಡೆಯುತ್ತದೆ. ಬೆಚ್ಚಗಾದರೆ ಕೊಳೆಯುತ್ತದೆ, ನೊಣ ಮುತ್ತುತ್ತದೆ. ಈ ಎರಡರ ನಡುವಿನ ಸಣ್ಣ ಸಂದಿಯಲ್ಲಿ ಮೀನು ಕಟ್ಟಿಗೆಯಂತೆ ಗಟ್ಟಿಯಾಗುತ್ತದೆ. ನೀರೆಲ್ಲ ಹೋಗಿ ತೂಕ ಐದರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ. ಹೀಗೆ ಒಣಗಿದ ಮೀನಿಗೆ ಸ್ಟಾಕ್‌ಫಿಶ್ ಎನ್ನುತ್ತಾರೆ. ಒಣ ಜಾಗದಲ್ಲಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ನೆನೆಸಿದರೆ ಮತ್ತೆ ಮೀನು.

ಫ್ರಿಜ್ ಇಲ್ಲದ ಕಾಲಕ್ಕೆ ಇದು ಎಂಥ ಸರಕು ಅಂತ ಯೋಚಿಸಿ. ಹಗುರ, ಗಟ್ಟಿ, ಹಡಗಿನಲ್ಲಿ ಸೌದೆಯ ಹಾಗೆ ಪೇರಿಸಬಹುದು. ಮೇಲಾಗಿ ಮಧ್ಯಯುಗದ ಕ್ಯಾಥೊಲಿಕ್ ಯೂರೋಪಿನಲ್ಲಿ ವರ್ಷದ ಎಷ್ಟೋ ದಿನ ಮಾಂಸ ತಿನ್ನುವಂತಿರಲಿಲ್ಲ, ಮೀನಿಗೆ ಅಡ್ಡಿಯಿರಲಿಲ್ಲ. ಕಡಲಿನಿಂದ ದೂರದ ಜರ್ಮನ್ ಪಟ್ಟಣಗಳಿಗೂ ಮೀನು ಬೇಕಿತ್ತು. ಇತ್ತ ನಾರ್ವೆಯ ಪಶ್ಚಿಮ ಮತ್ತು ಉತ್ತರ ಭಾಗದಲ್ಲಿ ಬೆಟ್ಟ ಜಾಸ್ತಿ, ಗದ್ದೆ ಕಡಿಮೆ. ಊರವರಿಗೆ ಸಾಕಾಗುವಷ್ಟು ಧಾನ್ಯ ಅಲ್ಲಿ ಬೆಳೆಯುತ್ತಿರಲಿಲ್ಲ. ಒಂದು ಕಡೆ ಮೀನು ಇದೆ, ಹಿಟ್ಟಿಲ್ಲ. ಇನ್ನೊಂದು ಕಡೆ ಹಿಟ್ಟಿದೆ, ಮೀನಿಲ್ಲ. ಇಬ್ಬರೂ ಭೇಟಿಯಾದ ಜಾಗ ಬರ್ಗನ್.

ಸಾಲದ ಲೆಕ್ಕ

ಹಿಟ್ಟು ತಂದವರು ಜರ್ಮನ್ ವ್ಯಾಪಾರಿಗಳು. ಲ್ಯೂಬೆಕ್ ಮೊದಲಾದ ಬಾಲ್ಟಿಕ್ ಮತ್ತು ಉತ್ತರ ಜರ್ಮನಿಯ ಪಟ್ಟಣಗಳು ಸೇರಿ ಹಾನ್ಸಾ ಎಂಬ ವ್ಯಾಪಾರಿ ಕೂಟ ಕಟ್ಟಿಕೊಂಡಿದ್ದವು. ಅದಕ್ಕೆ ಹೊರದೇಶಗಳಲ್ಲಿ ನಾಲ್ಕು ದೊಡ್ಡ ಠಾಣೆಗಳಿದ್ದವು: ಲಂಡನ್, ಬ್ರೂಜ್, ನವ್ಗೊರೋಡ್, ಬರ್ಗನ್. ಬರ್ಗನ್‌ನ ಠಾಣೆ 1360ರ ಸುಮಾರಿಗೆ ಬ್ರಿಗ್ಗೆನ್‌ನಲ್ಲಿ ಶುರುವಾಯಿತು. ಕ್ರಮೇಣ ಆ ದಂಡೆಯ ಮನೆಗಳೆಲ್ಲ ಅವರ ಕೈಗೆ ಬಂದವು. ಮುಂದೆ ಶತಮಾನಗಳ ಕಾಲ ಊರಿನವರು ಅದನ್ನು ಜರ್ಮನ್ ದಂಡೆ ಅಂತಲೇ ಕರೆದರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಐದು ವರ್ಷ ಊರನ್ನು ಆಕ್ರಮಿಸಿಕೊಂಡಿತ್ತು. ಅದು ಮುಗಿದ ಮೇಲೆ, 1945ರಲ್ಲಿ, ಹೆಸರಿನಿಂದ ಜರ್ಮನ್ ಎಂಬುದನ್ನು ತೆಗೆದುಹಾಕಿದರು.

ವ್ಯಾಪಾರ ನಡೆಯುತ್ತಿದ್ದದ್ದು ಹೀಗೆ. ಬೇಸಿಗೆಯಲ್ಲಿ ಉತ್ತರದ ಮೀನುಗಾರರು ಯೆಕ್ಟ್ ಎಂಬ ಚೌಕ ಹಾಯಿಯ ಹಡಗುಗಳಲ್ಲಿ ಒಣಮೀನು ತುಂಬಿಕೊಂಡು ಬರುತ್ತಿದ್ದರು. ವಾಪಸ್ ಹೋಗುವಾಗ ಹಿಟ್ಟು, ಬಟ್ಟೆ, ಹಗ್ಗ, ಗಾಳದ ಸಾಮಾನು ಒಯ್ಯುತ್ತಿದ್ದರು. ತಂದ ಮೀನಿನ ಬೆಲೆ ಒಯ್ದ ಸರಕಿಗೆ ಸಾಲದಿದ್ದರೆ ವ್ಯಾಪಾರಿ ಕಡ ಕೊಡುತ್ತಿದ್ದ, ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಸಾಲ ತೀರುವವರೆಗೆ ಆ ಮೀನುಗಾರ ಬೇರೆ ವ್ಯಾಪಾರಿಯ ಹತ್ತಿರ ಹೋಗುವಂತಿರಲಿಲ್ಲ. ಎಷ್ಟೋ ಕುಟುಂಬಗಳ ಸಾಲ ಅಪ್ಪನಿಂದ ಮಗನಿಗೆ ದಾಟಿತು. ಇದನ್ನು ಶೋಷಣೆ ಎನ್ನಬಹುದು. ಆದರೆ ಮೀನು ಸಿಗದ ವರ್ಷದಲ್ಲಿ ಆ ಮೀನುಗಾರನ ಮನೆಗೆ ಹಿಟ್ಟು ಬಂದದ್ದೂ ಇದೇ ಸಾಲದಿಂದ. ಬ್ರಿಗ್ಗೆನ್‌ನ ಚಂದದ ಮುಖಗಳ ಹಿಂದೆ ಈ ಎರಡೂ ಇವೆ. ಬರೀ ಬಣ್ಣ ನೋಡಿ ಬಂದರೆ ಅದು ಕಾಣುವುದಿಲ್ಲ.

ಠಾಣೆಯಲ್ಲಿದ್ದವರು ಗಂಡಸರು ಮಾತ್ರ. ಎಳೆ ಪ್ರಾಯದ ಹುಡುಗರು ಜರ್ಮನಿಯಿಂದ ಕೆಲಸ ಕಲಿಯಲು ಬಂದು, ಗುಮಾಸ್ತರಾಗಿ, ಕೊನೆಗೆ ಮಳಿಗೆ ನಡೆಸುವ ಯಜಮಾನರಾಗುತ್ತಿದ್ದರು. ಮದುವೆಯಾಗುವಂತಿಲ್ಲ, ಊರಿನ ಹೆಣ್ಣುಮಕ್ಕಳ ಜೊತೆ ಸಂಬಂಧ ಕೂಡದು ಎಂಬುದು ನಿಯಮ. ಅದನ್ನು ಎಲ್ಲರೂ ಪಾಲಿಸಲಿಲ್ಲ ಅನ್ನುವುದಕ್ಕೆ ದಾಖಲೆಗಳಿವೆ. ಹೊಸ ಹುಡುಗರನ್ನು ಹೊಗೆಯಲ್ಲಿ ಉಸಿರುಗಟ್ಟಿಸಿ, ನೀರಿಗೆ ಮುಳುಗಿಸಿ, ಚಾಟಿಯಲ್ಲಿ ಹೊಡೆದು ಪರೀಕ್ಷಿಸುವ ಕ್ರೂರ ಆಟಗಳೂ ಇದ್ದವು. 1754ರಲ್ಲಿ ಠಾಣೆ ಮುಚ್ಚಿತು. ವ್ಯಾಪಾರ ನಾರ್ವೆಯವರ ಕೈಗೆ ಬಂತು. ಅವರಲ್ಲಿ ಎಷ್ಟೋ ಜನ ಅಲ್ಲೇ ನೆಲೆಸಿದ ಜರ್ಮನ್ ಮನೆತನದವರೇ.

ಓಣಿಯೊಳಗೆ ಹೋಗಿ ನೋಡಿ

ಬ್ರಿಗ್ಗೆನ್‌ಗೆ ಬಂದ ಹೆಚ್ಚಿನವರು ಎದುರಿನ ರಸ್ತೆಯಲ್ಲಿ ನಿಂತು ಫೋಟೋ ತೆಗೆದು ಹೋಗುತ್ತಾರೆ. ನಿಜವಾದ ಬ್ರಿಗ್ಗೆನ್ ಇರುವುದು ಹಿಂದೆ. ಎರಡು ಮನೆಗಳ ನಡುವಿನ ಕಿರಿದಾದ ಸಂದಿ ಹೊಕ್ಕರೆ ಹಲಗೆ ಹಾಸಿದ ಓಣಿ ಸಿಗುತ್ತದೆ. ಅದರ ಎರಡೂ ಬದಿಗೆ ಒಂದರ ಹಿಂದೆ ಒಂದು ಮರದ ಮನೆಗಳು. ನಮ್ಮ ಹಳೆಯ ವಠಾರದ ಹಾಗೆ, ಒಂದೇ ದಾರಿ, ಒಂದೇ ಬಾಗಿಲು, ಒಳಗೆ ಬೇರೆ ಬೇರೆ ಒಡೆಯರು. ಇಂಥ ಒಂದೊಂದು ಸಾಲಿಗೂ ಹೆಸರಿದೆ: ಬೆಲ್‌ಗೋರ್ಡೆನ್, ಸ್ವೆನ್ಸ್‌ಗೋರ್ಡೆನ್, ಬ್ರೆಡ್ಸ್‌ಗೋರ್ಡೆನ್. ಒಂದರ ಹೆಸರು ಒಂಟಿಕೊಂಬಿನ ಕುದುರೆಯದು. ಅದರ ಮರದ ಗೊಂಬೆ ಮನೆಯ ಮುಖದ ಮೇಲೆ ಈಗಲೂ ಇದೆ.

ಈ ಉದ್ದನೆಯ ಆಕಾರ ಸುಮ್ನೆ ಬಂದದ್ದಲ್ಲ. ನೀರಿನ ದಂಡೆ ಎಲ್ಲರಿಗೂ ಬೇಕು, ಇರುವುದೋ ಸ್ವಲ್ಪ. ಹಾಗಾಗಿ ಒಬ್ಬೊಬ್ಬರಿಗೂ ದಂಡೆಯ ಮೇಲೆ ಕಡಿಮೆ ಅಗಲ, ಹಿಂದಕ್ಕೆ ಜಾಸ್ತಿ ಉದ್ದ. ಮುಂಭಾಗದಲ್ಲಿ ಹಡಗಿನ ಸರಕು ಎತ್ತುವ ಏತದಂಥ ಯಂತ್ರ. ಓಣಿಯುದ್ದಕ್ಕೂ ಗೋದಾಮು, ಕಚೇರಿ, ಮಲಗುವ ಕೋಣೆಗಳು. ಮೇಲಿನ ಮಹಡಿಗೆ ಹೊರಗಿನಿಂದಲೇ ಮೆಟ್ಟಿಲು ಮತ್ತು ತೆರೆದ ಮೊಗಸಾಲೆ. ಒಳಗೆ ಹಜಾರ ಬಿಟ್ಟರೆ ಮೀನು ಇಡುವ ಜಾಗ ಕಡಿಮೆಯಾಗುತ್ತದೆ ಅಲ್ವಾ? ಎಲ್ಲಕ್ಕಿಂತ ಹಿಂದೆ ದಪ್ಪ ಗೋಡೆಯ ಕಲ್ಲಿನ ನೆಲಮಾಳಿಗೆಗಳು. ಬೆಲೆಬಾಳುವ ಸರಕು, ಕಾಗದಪತ್ರ ಅಲ್ಲಿ.

ಕಲ್ಲು ಯಾಕೆ ಎಂಬುದಕ್ಕೆ ಉತ್ತರ ಬೆಂಕಿ. ಮರದ ಮನೆ, ಒಣಮೀನು, ಮೀನೆಣ್ಣೆ, ಹಗ್ಗ, ಟಾರು. ಒಂದು ಕಿಡಿ ಸಾಕು. ಆದ್ದರಿಂದ ಬ್ರಿಗ್ಗೆನ್‌ನ ಮರದ ಮನೆಗಳಲ್ಲಿ ಒಲೆ ಹಚ್ಚುವುದಕ್ಕೆ ನಿಷೇಧವಿತ್ತು. ನಾರ್ವೆಯ ಚಳಿಗಾಲದಲ್ಲಿ, ಕಡಲ ದಂಡೆಯಲ್ಲಿ, ಬೆಂಕಿಯಿಲ್ಲದ ಮನೆ. ಕೆಲಸ ಕಲಿಯುವ ಹುಡುಗರು ಬಾಗಿಲು ಹಾಕಿಕೊಳ್ಳುವ ಕಪಾಟಿನಂಥ ಹಾಸಿಗೆಗಳಲ್ಲಿ ಇಬ್ಬಿಬ್ಬರು ಮಲಗುತ್ತಿದ್ದರು. ಅಡುಗೆ, ಊಟ, ಪಾಠ, ಸಭೆಗಳಿಗೆ ಹಿಂಬದಿಯಲ್ಲಿ ಬೇರೆಯೇ ಕಟ್ಟಡಗಳಿದ್ದವು. ಬೆಂಕಿ ಹಚ್ಚಲು ಒಪ್ಪಿಗೆ ಇದ್ದದ್ದು ಅಲ್ಲಿ ಮಾತ್ರ. ಆ ಕಟ್ಟಡಗಳಿಗೆ ಶೋಟ್‌ಸ್ಟುಯೆನೆ ಎನ್ನುತ್ತಾರೆ. ಉಳಿದ ಕೆಲವು ಈಗ ಮೇರಿ ಚರ್ಚಿನ ಹತ್ತಿರ ಮ್ಯೂಸಿಯಂ ಆಗಿವೆ. ಬರ್ಗನ್‌ನಲ್ಲಿ ಒಂದೇ ಒಂದು ಮ್ಯೂಸಿಯಂಗೆ ಸಮಯವಿದೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಉದ್ದನೆಯ ಬೆಂಚು, ದೊಡ್ಡ ಮೇಜು, ಸಾಲು ಪಾತ್ರೆಗಳು ಇರುವ ಆ ಕೋಣೆಗಳಲ್ಲಿ ನಿಂತರೆ, ಚಳಿಯಲ್ಲಿ ದುಡಿದು ಬಂದವರಿಗೆ ಒಂದು ಬೆಚ್ಚನೆಯ ಕೋಣೆ ಎಷ್ಟು ದೊಡ್ಡದಾಗಿತ್ತು ಎಂದು ತಿಳಿಯುತ್ತದೆ. ಬ್ರಿಗ್ಗೆನ್ ಸಾಲಿನ ತುದಿಯ ಫಿನ್ನೆಗೋರ್ಡೆನ್‌ನಲ್ಲಿ 1872ರಿಂದ ಇರುವ ಹಾನ್ಸಾ ಮ್ಯೂಸಿಯಂ ಕೂಡ ಪ್ರಸಿದ್ಧ. ಆದರೆ ಅದನ್ನು 2018ರಲ್ಲಿ ದೊಡ್ಡ ದುರಸ್ತಿಗೆ ಮುಚ್ಚಿದರು. ತೆರೆದಿದೆಯೇ ಎಂದು ನೋಡಿಕೊಂಡು ಹೋಗಿ.

ಇಷ್ಟೆಲ್ಲ ಎಚ್ಚರವಿದ್ದರೂ ಬೆಂಕಿ ಬಿತ್ತು. 1198, 1248, 1476, 1702. ದೊಡ್ಡವು ಮಾತ್ರ ಇವು, ನಡುವೆ ಇನ್ನೂ ಇವೆ. ಪ್ರತಿ ಸಲವೂ ಜನ ಮತ್ತೆ ಅದೇ ಜಾಗದಲ್ಲಿ, ಅದೇ ಅಗಲಕ್ಕೆ, ಅದೇ ಓಣಿ ಬಿಟ್ಟು, ಅದೇ ಥರ ದಿಮ್ಮಿಗಳ ತುದಿಗೆ ಕಚ್ಚು ಕೊರೆದು ಕೂಡಿಸಿ ಮನೆ ಕಟ್ಟಿದರು. ಹೊಸದಾಗಿ ಯೋಚಿಸಲು ಬಾರದೆ ಹೀಗೆ ಮಾಡಿದರು ಅನ್ನುವುದು ತಪ್ಪು. ಒಂದೊಂದು ಸಾಲಿನಲ್ಲೂ ಹಲವರ ಪಾಲಿತ್ತು. ಗಡಿ ಬದಲಿಸಿದರೆ ಎಲ್ಲರ ಹಕ್ಕು ಅಲುಗಾಡುತ್ತದೆ. ಮುಂದಿನ ಬೇಸಿಗೆಗೆ ಮೀನಿನ ಹಡಗು ಬಂದೇ ಬರುತ್ತದೆ, ಕಾಯುವುದಿಲ್ಲ. ಕೆಲಸ ನಡೆಯುವ ರೀತಿ ಬದಲಾಗದಿದ್ದಾಗ ಕಟ್ಟಡದ ರೀತಿ ಬದಲಾಗಲು ಕಾರಣವೂ ಇರಲಿಲ್ಲ. ಯುನೆಸ್ಕೊ ಬೆಲೆ ಕೊಟ್ಟದ್ದು ಈ ಕ್ರಮಕ್ಕೆ. ಹಾನ್ಸಾದ ನಾಲ್ಕು ಠಾಣೆಗಳಲ್ಲಿ ಅದರ ಆಕಾರ ಕಣ್ಣಿಗೆ ಕಾಣುವಂತೆ ನಿಂತಿರುವುದು ಇಲ್ಲಿ ಮಾತ್ರ. ಮರ ಹೊಸದು, ಗೆರೆ ಹಳೆಯದು.

ನೆಲದ ಕೆಳಗಿನ ಊರು

ಪ್ರತಿ ಬೆಂಕಿಯ ನಂತರ ಉಳಿದ ಕರಿಕಟ್ಟಿಗೆ, ಕಸ, ಬೂದಿ ಏನಾಯಿತು? ಅದನ್ನೆಲ್ಲ ಮುಂದಕ್ಕೆ, ಕೊಲ್ಲಿಯೊಳಕ್ಕೆ ತಳ್ಳಿ ನೆಲ ಮಾಡಿಕೊಂಡರು. ಹಡಗುಗಳು ದೊಡ್ಡದಾಗುತ್ತಾ ಹೋದಂತೆ ಆಳದ ನೀರು ಬೇಕಾಯಿತು. ಹಾಗಾಗಿ ದಂಡೆಯೇ ಶತಮಾನದಿಂದ ಶತಮಾನಕ್ಕೆ ನೀರಿನ ಕಡೆ ಸರಿಯಿತು. ಇಂದು ನೀವು ಬ್ರಿಗ್ಗೆನ್ ಎದುರು ನಿಂತ ಜಾಗ ಮೊದಲು ಕಡಲಾಗಿತ್ತು. ಕಾಲಡಿಯಲ್ಲಿ ಹಲವು ಮೀಟರ್ ದಪ್ಪಕ್ಕೆ ಹಳೆಯ ಊರಿನ ಪದರಗಳಿವೆ.

ಇದು ಗೊತ್ತಾದದ್ದು ಮತ್ತೊಂದು ಬೆಂಕಿಯಿಂದ. 1955ರ ಜುಲೈ 4ರಂದು ಬ್ರಿಗ್ಗೆನ್‌ನ ಉತ್ತರ ಭಾಗ ಸುಟ್ಟುಹೋಯಿತು. ಅದಕ್ಕೂ ಮೊದಲೇ, 1900ರ ಆಸುಪಾಸಿನಲ್ಲಿ, ದಕ್ಷಿಣ ಭಾಗದ ಮರದ ಮನೆಗಳನ್ನು ಕೆಡವಿ ಅದೇ ಆಕಾರದ ಇಟ್ಟಿಗೆ ಕಟ್ಟಡ ಎಬ್ಬಿಸಿದ್ದರು. ಉಳಿದದ್ದನ್ನೂ ಕೆಡವಿಬಿಡಿ ಎನ್ನುವವರು ಕಡಿಮೆ ಇರಲಿಲ್ಲ. ಅಂಥ ಹೊತ್ತಿನಲ್ಲಿ ಆಸ್ಬ್ಯೋರ್ನ್ ಹೆರ್ಟೈಗ್ ಎಂಬ ಪುರಾತತ್ವಜ್ಞರ ನೇತೃತ್ವದಲ್ಲಿ ಸುಟ್ಟ ಜಾಗದ ಅಗೆತ ಶುರುವಾಯಿತು. ಅದು ಒಂದು ದಶಕಕ್ಕೂ ಜಾಸ್ತಿ ನಡೆಯಿತು. ಬೆಂಕಿಯ ಕರಿ ಪದರಗಳೇ ಅವರಿಗೆ ಕಾಲದ ಅಳತೆಗೋಲು. ಯಾವ ವರ್ಷ ಬೆಂಕಿ ಬಿತ್ತೆಂದು ಬರಹಗಳಲ್ಲಿದೆ. ಆದ್ದರಿಂದ ಎರಡು ಕರಿ ಪದರಗಳ ನಡುವೆ ಸಿಕ್ಕ ವಸ್ತು ಯಾವ ಕಾಲದ್ದೆಂದು ಹೇಳಬಹುದಿತ್ತು.

ಆ ಅಗೆತದಲ್ಲಿ ಸಿಕ್ಕಿದ್ದರಲ್ಲಿ ನನ್ನನ್ನು ಬಹಳ ಹಿಡಿದು ನಿಲ್ಲಿಸುವುದು ರೂನ್ ಲಿಪಿಯ ಕಡ್ಡಿಗಳು. ರೂನ್ ಎಂದರೆ ಉತ್ತರ ಯೂರೋಪಿನ ಹಳೆಯ ಲಿಪಿ, ಮರದ ಮೇಲೆ ಚಾಕುವಿನಿಂದ ಕೊರೆಯಲು ಹೇಳಿ ಮಾಡಿಸಿದಂಥ ನೇರ ಗೆರೆಗಳು. ಕ್ರೈಸ್ತ ಧರ್ಮ ಬಂದು ಲ್ಯಾಟಿನ್ ಅಕ್ಷರ ಹರಡಿದ ಮೇಲೆ ರೂನ್ ಬೇಗ ಮರೆತುಹೋಗಿರಬೇಕು, ಇದ್ದರೂ ಸ್ಮಾರಕದ ಕಲ್ಲುಗಳಲ್ಲಿ ಮಾತ್ರ ಇದ್ದಿರಬೇಕು ಎಂಬ ಭಾವನೆಯಿತ್ತು. ಬ್ರಿಗ್ಗೆನ್‌ನಲ್ಲಿ ಸಿಕ್ಕಿದ್ದು ಸುಮಾರು 670 ಬರಹಗಳು. ಹೆಚ್ಚಿನವು ಸಾಮಾನ್ಯ ಜನರ ದಿನದ ಮಾತು. ಸರಕಿನ ಮೂಟೆಗೆ ಕಟ್ಟಿದ ಹೆಸರಿನ ಚೀಟಿ. ಪಾಲುದಾರನಿಗೆ ಬರೆದ ವ್ಯಾಪಾರದ ಕಾಗದ. ಪ್ರಾರ್ಥನೆ, ಪ್ರೀತಿ, ಬೈಗುಳ. ಒಂದರಲ್ಲಿ ಇರುವುದು ಇಷ್ಟೇ: ನೀನು ಮನೆಗೆ ಬರಬೇಕಂತೆ, ಗ್ಯುದಾ ಹೇಳಿದಳು. ಹೆಂಡದಂಗಡಿಯಲ್ಲಿ ಕೂತವನಿಗೆ ಹೆಂಡತಿ ಕಳಿಸಿದ್ದಿರಬೇಕು ಅಂತ ಊಹೆ. ಆ ಕಾಲದ ರಾಜರ ಹೆಸರು ನಮಗೆ ಮೊದಲೇ ಗೊತ್ತಿತ್ತು. ಗ್ಯುದಾಳ ದನಿ ಕೇಳಿಸಿದ್ದು ಈ ಕಡ್ಡಿಯಿಂದ. 1976ರಲ್ಲಿ ತೆರೆದ ಬ್ರಿಗ್ಗೆನ್ ಮ್ಯೂಸಿಯಂನಲ್ಲಿ ಇಂಥ ಕಡ್ಡಿಗಳಿವೆ. 12ನೇ ಶತಮಾನದ ಮನೆಗಳ ಅಡಿಪಾಯವನ್ನು ಸಿಕ್ಕ ಜಾಗದಲ್ಲೇ ಉಳಿಸಿಕೊಂಡು ಆ ಮ್ಯೂಸಿಯಂ ಕಟ್ಟಿದ್ದಾರೆ. ಓಣಿಗಳಿಗೆ ಹೋಗುವ ಮುಂಚೆ ಇಲ್ಲಿಗೆ ಬನ್ನಿ. ಆಮೇಲೆ ಓಣಿಗಳು ಬೇರೆಯೇ ಕಾಣುತ್ತವೆ.

ಇಷ್ಟು ಹಳೆಯ ಮರ, ಹಗ್ಗ, ಚರ್ಮ ಮಣ್ಣಿನಲ್ಲಿ ಕೊಳೆಯದೆ ಉಳಿದದ್ದು ಹೇಗೆ? ನೀರಿನಿಂದ. ನೆಲದೊಳಗೆ ಸದಾ ನೀರು ತುಂಬಿದ್ದರೆ ಗಾಳಿ ಒಳಹೋಗುವುದಿಲ್ಲ. ಗಾಳಿಯಿಲ್ಲದೆ ಮರ ತಿನ್ನುವ ಶಿಲೀಂಧ್ರ ಬದುಕುವುದಿಲ್ಲ. ಬ್ರಿಗ್ಗೆನ್‌ಗೆ ಇದು ಬರೀ ಪುರಾತತ್ವದ ವಿಷಯವಲ್ಲ. ಮೇಲಿನ ಮನೆಗಳು ನಿಂತಿರುವುದೇ ಈ ಒದ್ದೆ ಪದರಗಳ ಮೇಲೆ. 1955ರಲ್ಲಿ ಸುಟ್ಟ ಜಾಗದಲ್ಲಿ ಮುಂದೆ ಒಂದು ಹೋಟೆಲ್ ಬಂತು. ಅದರ ತಳವನ್ನು ಒಣಗಿಡಲು ನೀರು ಹೊರಹಾಕುವ ಏರ್ಪಾಡು ಮಾಡಿದರು. ಪಕ್ಕದ ಹಳೆಯ ಮನೆಗಳ ಕೆಳಗಿನ ಅಂತರ್ಜಲವೂ ಇಳಿಯಿತು. ಗಾಳಿ ಹೊಕ್ಕಿತು, ಶತಮಾನಗಳ ಮರ ಕೊಳೆಯತೊಡಗಿತು, ನೆಲ ಕುಸಿಯಿತು, ಮನೆಗಳು ವಾಲಿದವು. ಕೆಲವು ಕಡೆ ವರ್ಷಕ್ಕೆ ಹಲವು ಮಿಲಿಮೀಟರ್‌ನಷ್ಟು ಕುಸಿತ ಅಳೆದರು. ಕೇಳಲು ಸಣ್ಣದು, ಮುನ್ನೂರು ವರ್ಷದ ಮನೆಗೆ ದೊಡ್ಡದು.

2000ದಿಂದ ಶುರುವಾದ ದೊಡ್ಡ ದುರಸ್ತಿ ಯೋಜನೆಯ ಮುಖ್ಯ ಕೆಲಸಗಳಲ್ಲಿ ಒಂದು ಆ ನೀರನ್ನು ವಾಪಸ್ ತರುವುದು. ಸೂರು ಮತ್ತು ಓಣಿಗಳ ಮಳೆನೀರನ್ನು ಚರಂಡಿಗೆ ಬಿಡದೆ ನೆಲಕ್ಕೆ ಇಂಗಿಸುತ್ತಾರೆ. ಅಂತರ್ಜಲ ಮೇಲೆ ಬಂದಿದೆ, ಕುಸಿತ ತುಂಬಾ ಕಡಿಮೆಯಾಗಿದೆ. ಮೇಲೆ ಬಡಗಿಗಳು ಹಳೆಯ ರೀತಿಯಲ್ಲೇ ಕೊಡಲಿಯಿಂದ ದಿಮ್ಮಿ ಕೆತ್ತಿ, ಕೆಟ್ಟ ತುಂಡು ತೆಗೆದು ಹೊಸದು ಕೂಡಿಸುತ್ತಾರೆ. ಕೆಡದ ಮರವನ್ನು ಬದಲಿಸುವುದಿಲ್ಲ. ಪರಂಪರೆ ಉಳಿಸುವುದು ಎಂದರೆ ಹೊಸ ಬಣ್ಣ ಬಳಿಯುವುದು ಎಂದುಕೊಂಡ ಯಾರಾದರೂ ಈ ಕೆಲಸವನ್ನು ಒಂದು ಗಂಟೆ ನಿಂತು ನೋಡಬೇಕು.

ಕೋಟೆ, ಚರ್ಚು, ಅಗಲದ ಬೀದಿ

ಬ್ರಿಗ್ಗೆನ್ ದಾಟಿ ಕೊಲ್ಲಿಯ ಬಾಯಿಯ ಕಡೆ ನಡೆದರೆ ಬರ್ಗನ್‌ಹೂಸ್ ಕೋಟೆ. ಅದರೊಳಗಿನ ಹೋಕನ್ ಸಭಾಭವನವನ್ನು ರಾಜ ಹೋಕನ್ ಹೋಕನ್ಸನ್ ಕಟ್ಟಿಸಿದ. 1261ರಲ್ಲಿ ಅವನ ಮಗ ಮಾಗ್ನುಸ್ ಮತ್ತು ಡೆನ್ಮಾರ್ಕಿನ ರಾಜಕುಮಾರಿ ಇಂಗೆಬೋರ್ಗ್ ಮದುವೆ ನಡೆದದ್ದು ಇಲ್ಲಿ. ಈ ಮಾಗ್ನುಸ್ ಮುಂದೆ 1274ರಲ್ಲಿ ಇಡೀ ದೇಶಕ್ಕೆ ಒಂದೇ ಕಾನೂನು ತಂದ, 1276ರಲ್ಲಿ ಪಟ್ಟಣಗಳ ಕಾನೂನು ತಂದ. ಮುಂದಿನ ಕಾಲದಲ್ಲಿ ಸಭಾಭವನ ಧಾನ್ಯದ ಉಗ್ರಾಣವಾಯಿತು. 1944ರ ಏಪ್ರಿಲ್ 20ರಂದು ಕೋಟೆಯ ಕೆಳಗಿನ ದಕ್ಕೆಯಲ್ಲಿ ಸಿಡಿಮದ್ದು ತುಂಬಿದ ಹಡಗೊಂದು ಸ್ಫೋಟಿಸಿತು. ಜರ್ಮನ್ ಸೇನೆ ವಶಪಡಿಸಿಕೊಂಡಿದ್ದ ಡಚ್ ಹಡಗು ಅದು. 150ಕ್ಕೂ ಹೆಚ್ಚು ಜನ ಸತ್ತರು. ಸಭಾಭವನದ ಸೂರು ಹೋಗಿ ಗೋಡೆ ಮಾತ್ರ ಉಳಿಯಿತು. 1961ಕ್ಕೆ, ಆ ಮದುವೆಯ 700ನೇ ವರ್ಷಕ್ಕೆ, ಮತ್ತೆ ಕಟ್ಟಿ ತೆರೆದರು. ಈಗ ಅಲ್ಲಿ ಸಂಗೀತ ಕಛೇರಿಗಳು ನಡೆಯುತ್ತವೆ. ಪಕ್ಕದ ರೋಸೆನ್‌ಕ್ರಾಂಟ್ಸ್ ಗೋಪುರ 1560ರ ದಶಕದ್ದು.

ನಿಜಕ್ಕೂ ಮಧ್ಯಯುಗದ ಕಟ್ಟಡ ನೋಡಬೇಕಿದ್ದರೆ ಬ್ರಿಗ್ಗೆನ್ ಹಿಂದಿನ ಮೇರಿ ಚರ್ಚಿಗೆ ಹೋಗಿ. 12ನೇ ಶತಮಾನದ ಕಲ್ಲಿನ ಕಟ್ಟಡ, ಊರಿನಲ್ಲಿ ಉಳಿದವುಗಳಲ್ಲಿ ಎಲ್ಲಕ್ಕಿಂತ ಹಳೆಯದು. ಶತಮಾನಗಳ ಕಾಲ ಇದು ಜರ್ಮನ್ ವ್ಯಾಪಾರಿಗಳ ಚರ್ಚಾಗಿತ್ತು. ಠಾಣೆ ಮುಚ್ಚಿ ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೂ, 1868ರವರೆಗೆ, ಪ್ರಾರ್ಥನೆ ಜರ್ಮನ್ ಭಾಷೆಯಲ್ಲೇ ನಡೆಯುತ್ತಿತ್ತು.

ಊರಿನೊಳಗೆ ನಡೆಯುವಾಗ ಒಂದು ವಿಚಿತ್ರ ಗಮನಿಸುತ್ತೀರಿ. ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಕಿರಿದಾದ ಸಂದಿಗಳ ನಡುವೆ ಇದ್ದಕ್ಕಿದ್ದಂತೆ ಅಗಲವಾದ ಬಯಲು ಬೀದಿ ಬರುತ್ತದೆ. ಬೆಂಕಿ ಒಂದು ಕೇರಿಯಿಂದ ಇನ್ನೊಂದಕ್ಕೆ ಹಾರದಿರಲಿ ಎಂದು ಬಿಟ್ಟ ಜಾಗ ಅದು. ಇವಕ್ಕೆ ಆಲ್ಮೆನಿಂಗ್ ಎನ್ನುತ್ತಾರೆ. 1916ರಲ್ಲಿ ಊರಿನ ನಡುಭಾಗ ಮತ್ತೊಮ್ಮೆ ಸುಟ್ಟಾಗ ಟೋರ್ಗ್‌ಆಲ್ಮೆನಿಂಗನ್ ಇನ್ನೂ ಅಗಲವಾಯಿತು. ಇವತ್ತು ಅದು ಊರಿನ ಮುಖ್ಯ ಚೌಕ. ಹಳೆಯ ಬಿಳಿ ಮರದ ಮನೆಗಳ ಸಂದಿಗಳಲ್ಲಿ ಸುತ್ತಾಡಲು ನೋರ್ಡ್ನೆಸ್ ಮತ್ತು ಸಾಂಡ್ವಿಕೆನ್ ಕೇರಿಗಳು ಒಳ್ಳೆಯವು. ಜನ ವಾಸವಿರುವ ಮನೆಗಳವು, ಕಿಟಕಿಯೊಳಗೆ ಕ್ಯಾಮೆರಾ ತೂರಿಸಬೇಡಿ.

ಕುಷ್ಠರೋಗದ ಆಸ್ಪತ್ರೆ

ಪ್ರವಾಸಿಗಳು ಕಡಿಮೆ ಹೋಗುವ, ಭಾರತದಿಂದ ಹೋದವರು ತಪ್ಪದೆ ನೋಡಬೇಕಾದ ಜಾಗ ಒಂದಿದೆ: ಸೇಂಟ್ ಯೋರ್ಗನ್ ಆಸ್ಪತ್ರೆ. 15ನೇ ಶತಮಾನದಿಂದ ಇದ್ದ ಕುಷ್ಠರೋಗದ ಆಸ್ಪತ್ರೆ ಇದು. 1702ರ ಬೆಂಕಿಯಲ್ಲಿ ಸುಟ್ಟು, ಮತ್ತೆ ಎದ್ದದ್ದು. ನಡುವೆ ಹಜಾರ, ಸುತ್ತ ಎರಡು ಮಹಡಿಯಲ್ಲಿ ಪುಟ್ಟ ಪುಟ್ಟ ಕೋಣೆಗಳು. ಒಂದೊಂದರಲ್ಲಿ ಇಬ್ಬರು ರೋಗಿಗಳು ವರ್ಷಗಟ್ಟಲೆ, ಕೆಲವರು ಸಾಯುವತನಕ ಇದ್ದರು. ಕೊನೆಯ ಇಬ್ಬರು ರೋಗಿಗಳು 1946ರಲ್ಲಿ ತೀರಿಕೊಂಡರು.

19ನೇ ಶತಮಾನದಲ್ಲಿ ಪಶ್ಚಿಮ ನಾರ್ವೆಯಲ್ಲಿ ಕುಷ್ಠ ಬಹಳವಿತ್ತು. ಬರ್ಗನ್ ಯೂರೋಪಿನಲ್ಲೇ ಆ ರೋಗದ ಸಂಶೋಧನೆಯ ಕೇಂದ್ರವಾಯಿತು. 1856ರಲ್ಲಿ ನಾರ್ವೆ ದೇಶದ ಎಲ್ಲ ಕುಷ್ಠರೋಗಿಗಳ ಪಟ್ಟಿ ಮಾಡಲು ಶುರುಮಾಡಿತು. ಒಂದೇ ರೋಗಕ್ಕಾಗಿ ಇಡೀ ದೇಶದ ದಾಖಲೆ ಇಡುವ ಕೆಲಸ ಜಗತ್ತಿನಲ್ಲಿ ಶುರುವಾದದ್ದೇ ಅಲ್ಲಿಂದ. 1873ರಲ್ಲಿ ಇದೇ ಊರಿನ ವೈದ್ಯ ಗೆರ್ಹಾರ್ಡ್ ಆರ್ಮೌವರ್ ಹ್ಯಾನ್ಸೆನ್ ಕುಷ್ಠಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಗುರುತಿಸಿದರು. ಅಲ್ಲಿಯವರೆಗೆ ರಕ್ತದಿಂದ ಬರುವ ರೋಗ, ಮನೆತನದ ರೋಗ, ಪಾಪದ ಫಲ ಎಂದೆಲ್ಲ ಜನ ನಂಬಿದ್ದರು. ಹ್ಯಾನ್ಸೆನ್ ಕಾಯಿಲೆ ಎಂಬ ಹೆಸರು ಬಂದದ್ದು ಇವರಿಂದಲೇ. ಜಗತ್ತಿನಲ್ಲಿ ಈ ರೋಗದ ಹೊಸ ಪ್ರಕರಣಗಳು ಇಂದಿಗೂ ಜಾಸ್ತಿ ಕಾಣಿಸುವುದು ಭಾರತದಲ್ಲಿ. ಈಗ ಮಾತ್ರೆಯಿಂದ ಪೂರ್ತಿ ವಾಸಿಯಾಗುತ್ತದೆ, ಬೇಗ ತೋರಿಸಿದರೆ ಅಂಗ ಊನವಾಗುವುದೂ ಇಲ್ಲ. ಆದರೂ ರೋಗಿಯನ್ನು ದೂರ ಇಡುವ ಬುದ್ಧಿ ನಮ್ಮಲ್ಲಿ ಇನ್ನೂ ಹೋಗಿಲ್ಲ.

ಇಲ್ಲಿನ ಕಥೆಯನ್ನು ಬರೀ ಹೆಮ್ಮೆಯಿಂದ ಹೇಳಿ ಮುಗಿಸಲಾಗದು. ರೋಗ ಅಂಟುತ್ತದೆ ಎಂದು ತೋರಿಸಲು ಹ್ಯಾನ್ಸೆನ್ ಒಬ್ಬ ರೋಗಿ ಹೆಂಗಸಿನ ಕಣ್ಣಿಗೆ, ಅವಳ ಒಪ್ಪಿಗೆ ಕೇಳದೆ, ಇನ್ನೊಬ್ಬ ರೋಗಿಯಿಂದ ತೆಗೆದದ್ದನ್ನು ಚುಚ್ಚಿದರು. ಅವಳು ದೂರು ಕೊಟ್ಟಳು. 1880ರಲ್ಲಿ ನ್ಯಾಯಾಲಯ ಹ್ಯಾನ್ಸೆನ್ ತಪ್ಪಿತಸ್ಥ ಎಂದಿತು. ಆಸ್ಪತ್ರೆಯ ಹುದ್ದೆ ಹೋಯಿತು. ರೋಗಿಯ ಒಪ್ಪಿಗೆ ಎಂಬ ವಿಚಾರ ಇನ್ನೂ ಹೊಸದಾಗಿದ್ದ ಕಾಲದಲ್ಲಿ ಬಂದ ತೀರ್ಪು ಅದು. ಬರ್ಗನ್‌ನ ಕುಷ್ಠರೋಗದ ಕಾಗದಪತ್ರಗಳನ್ನು ಯುನೆಸ್ಕೊ 2001ರಲ್ಲಿ ಜಗತ್ತಿನ ನೆನಪಿನ ದಾಖಲೆಗಳ ಪಟ್ಟಿಗೆ ಸೇರಿಸಿದೆ.

ಮೀನು ತಂದ ಸಂಗೀತ

ಎಡ್ವರ್ಡ್ ಗ್ರೀಗ್ ನಾರ್ವೆಯ ಅತಿ ಪ್ರಸಿದ್ಧ ಸಂಗೀತಗಾರ. ಹುಟ್ಟಿದ್ದು 1843ರಲ್ಲಿ, ಬರ್ಗನ್‌ನಲ್ಲೇ. ಅವರ ಮುತ್ತಾತ ಸ್ಕಾಟ್ಲೆಂಡಿನಿಂದ ಇಲ್ಲಿಗೆ ಬಂದದ್ದು ಯಾತಕ್ಕೆ ಗೊತ್ತೇ? ಒಣಮೀನು ಮತ್ತು ಲಾಬ್ಸ್ಟರ್ ವ್ಯಾಪಾರಕ್ಕೆ. ಊರಿಗೆ 1765ರಿಂದ ಸಂಗೀತ ಕೂಟವಿತ್ತು. ಇಂದಿನ ಬರ್ಗನ್ ಫಿಲ್ಹಾರ್ಮೊನಿಕ್ ಅದರದ್ದೇ ಮುಂದುವರಿಕೆ, ಜಗತ್ತಿನ ಹಳೆಯ ವಾದ್ಯವೃಂದಗಳಲ್ಲಿ ಒಂದು. ಬಂದರಿನಲ್ಲಿ ಹಣವಿದ್ದದ್ದರಿಂದ, ಹೊರದೇಶದ ಜನ ಬಂದುಹೋಗುತ್ತಿದ್ದದ್ದರಿಂದ ಇದು ಸಾಧ್ಯವಾಯಿತು.

ಗ್ರೀಗ್ 1885ರಿಂದ 1907ರಲ್ಲಿ ಸಾಯುವವರೆಗೆ ಊರ ಹೊರಗಿನ ಟ್ರೋಲ್ಡ್‌ಹೌಗೆನ್ ಎಂಬ ಮನೆಯಲ್ಲಿದ್ದರು. ಮನೆಗಿಂತ ನೋಡಬೇಕಾದದ್ದು ಕೆಳಗೆ ನೀರಿನ ಅಂಚಿನ ಪುಟ್ಟ ಗುಡಿಸಲು. ಒಂದು ಪಿಯಾನೊ, ಒಂದು ಮೇಜು, ಒಂದು ಕಿಟಕಿ. ರಾಗ ಕಟ್ಟಲು ಅವರಿಗೆ ಯಾರ ಕಿವಿಗೂ ಬೀಳದ ಜಾಗ ಬೇಕಿತ್ತು. ಬೇಸಿಗೆಯಲ್ಲಿ ಪಕ್ಕದ ಹುಲ್ಲು ಸೂರಿನ ಸಣ್ಣ ಸಭಾಂಗಣದಲ್ಲಿ ಕಛೇರಿ ಇರುತ್ತದೆ. ವೇದಿಕೆಯ ಹಿಂದಿನ ಗಾಜಿನಾಚೆ ಆ ಗುಡಿಸಲು ಕಾಣುತ್ತದೆ. ಗ್ರೀಗ್ ಸಂಗೀತದ ಪರಿಚಯವಿಲ್ಲದವರಿಗೂ ಇದು ಹಿಡಿಸುತ್ತದೆ.

ಹುಡುಗ ಗ್ರೀಗ್‌ನ ಕೈಯಲ್ಲಿ ಕಲೆಯಿದೆ ಎಂದು ಗುರುತಿಸಿದವರು ಪಿಟೀಲು ವಾದಕ ಓಲೆ ಬುಲ್, ಅವರೂ ಇದೇ ಊರಿನವರು. ಬು‌ಲ್ 1850ರಲ್ಲಿ ಇಲ್ಲಿ ನಾರ್ವೆಯ ಭಾಷೆಯ ರಂಗಭೂಮಿ ಕಟ್ಟಿದರು. ಯುವಕ ಹೆನ್ರಿಕ್ ಇಬ್ಸನ್ 1851ರಿಂದ 1857ರವರೆಗೆ ಅಲ್ಲಿ ಕೆಲಸ ಮಾಡಿ ನಾಟಕದ ಕಸುಬು ಕಲಿತರು. ಚಿತ್ರಕಲೆ ಇಷ್ಟವಿದ್ದರೆ ಕೋಡೆ ಮ್ಯೂಸಿಯಂಗಳಿಗೆ ಹೋಗಿ. ಅಲ್ಲಿ ಎಡ್ವರ್ಡ್ ಮುಂಕ್ ಅವರ ಚಿತ್ರಗಳ ದೊಡ್ಡ ಸಂಗ್ರಹವಿದೆ. ಅದನ್ನು ಕೂಡಿಹಾಕಿದ ರಾಸ್ಮುಸ್ ಮೇಯರ್ ಹಿಟ್ಟಿನ ಗಿರಣಿಯ ಒಡೆಯ. ಮೀನು ಹೊರಗೆ, ಧಾನ್ಯ ಒಳಗೆ ಎಂಬ ಹಳೆಯ ಲೆಕ್ಕ ಇಲ್ಲೂ ಕಾಣುತ್ತದೆ.

ಮಳೆ, ಬೆಟ್ಟ, ಊಟ

ಬರ್ಗನ್‌ನಲ್ಲಿ ವರ್ಷಕ್ಕೆ ಸುಮಾರು 2,250 ಮಿಲಿಮೀಟರ್ ಮಳೆ ಬೀಳುತ್ತದೆ. ಕಡಲಿನ ಒದ್ದೆ ಗಾಳಿ ಬೆಟ್ಟಕ್ಕೆ ಬಡಿದು, ಮೇಲೇರಿ, ತಣ್ಣಗಾಗಿ ಸುರಿಯುವುದು ಪಶ್ಚಿಮ ಘಟ್ಟದಲ್ಲಿ ಆಗುವ ಹಾಗೆಯೇ. ಆಗುಂಬೆಯ ಮುಂದೆ ಈ ಲೆಕ್ಕ ದೊಡ್ಡದಲ್ಲ. ವ್ಯತ್ಯಾಸ ಏನೆಂದರೆ, ಇಲ್ಲಿ ಮಳೆಗಾಲ ಅಂತ ಬೇರೆ ಇಲ್ಲ. ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ಸ್ವಲ್ಪ ಸ್ವಲ್ಪವಾಗಿ ಬರುತ್ತಲೇ ಇರುತ್ತದೆ. ಗಾಳಿಗೆ ಕೊಡೆ ನಿಲ್ಲುವುದಿಲ್ಲ, ಒಳ್ಳೆಯ ರೇನ್‌ಕೋಟ್ ತೆಗೆದುಕೊಂಡು ಹೋಗಿ. ಮೇ ಮತ್ತು ಜೂನ್ ಉಳಿದ ತಿಂಗಳಿಗಿಂತ ಒಣ. ಆ ಹೊತ್ತಿಗೇ 1953ರಿಂದ ನಡೆಯುತ್ತಿರುವ ಸಂಗೀತ, ನಾಟಕಗಳ ಉತ್ಸವವಿರುತ್ತದೆ. ವಸಂತದಲ್ಲಿ ಕೇರಿ ಕೇರಿಯ ಮಕ್ಕಳು ಡೋಲು ಬಾರಿಸುತ್ತಾ ಕವಾಯತು ಮಾಡಿಕೊಂಡು ಹೋಗುವುದೂ ಕಾಣುತ್ತದೆ. ಬ್ಯೂಕೋರ್ಪ್ಸ್ ಎಂಬ ಈ ದಳಗಳು 1850ರ ದಶಕದಿಂದ ಇವೆ. ಬೇರೆ ಊರುಗಳಲ್ಲಿ ಈ ಪದ್ಧತಿ ನಿಂತುಹೋಯಿತು, ಬರ್ಗನ್ ಬಿಡಲಿಲ್ಲ.

ಮಳೆ ಬಿಟ್ಟ ಗಂಟೆಯಲ್ಲಿ ಫ್ಲ್ಯೋಯೆನ್ ಬೆಟ್ಟ ಹತ್ತಿಬಿಡಿ. 1918ರಿಂದ ಓಡುತ್ತಿರುವ ಹಗ್ಗದ ರೈಲು ಊರ ನಡುವಿನಿಂದ ಕೆಲವೇ ನಿಮಿಷದಲ್ಲಿ 320 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಮೇಲಿನಿಂದ ನೋಡಿದರೆ ಕೊಲ್ಲಿ, ಉದ್ದುದ್ದ ಸೂರುಗಳ ಬ್ರಿಗ್ಗೆನ್, ಅಗಲದ ಬೆಂಕಿ ಬೀದಿಗಳು ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಇಳಿಯುವಾಗ ನಡೆದುಕೊಂಡೇ ಬನ್ನಿ, ದಾರಿ ಸುಲಭ.

ಮೀನು ಮಾರುಕಟ್ಟೆಯ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಹೆಸರು ದೊಡ್ಡದು, ಇತಿಹಾಸವೂ ಹಳೆಯದು. ಆದರೆ ಈಗ ಅಲ್ಲಿ ಪ್ರವಾಸಿಗಳಿಗೆಂದೇ ಇಟ್ಟ ಬೆಲೆಗಳು ಜಾಸ್ತಿ. ಕೆನೆ ಹಾಕಿದ ಬರ್ಗನ್ ಮೀನು ಸೂಪನ್ನು ಊರೊಳಗಿನ ಹೋಟೆಲಿನಲ್ಲಿ ತಿನ್ನಿ, ಬೇಕರಿಯಲ್ಲಿ ದಾಲ್ಚಿನ್ನಿಯ ಶಿಲ್ಲಿಂಗ್ಸ್‌ಬೊಲ್ಲೆ ಬನ್ ತಿನ್ನಿ. ಮಾಂಸ, ಮೀನು ತಿನ್ನದವರಿಗೆ ಈಗ ಮೊದಲಿನಷ್ಟು ಕಷ್ಟವಿಲ್ಲ. ಮೀನಿನ ಕಥೆ ಬೇಕಿದ್ದರೆ ಸಾಂಡ್ವಿಕೆನ್‌ನ ಹಳೆಯ ಗೋದಾಮುಗಳಲ್ಲಿರುವ ಮೀನುಗಾರಿಕೆ ಮ್ಯೂಸಿಯಂ ಉತ್ತಮ. ಲೋಫೋಟೆನ್‌ನ ಒಣಮೀನು ಈಗ ಬರ್ಗನ್ ಕಾಯುವುದಿಲ್ಲ, ನೇರವಾಗಿ ಇಟಲಿಗೆ, ನೈಜೀರಿಯಾಕ್ಕೆ ಹೋಗುತ್ತದೆ. ಆ ಎರಡೂ ದೇಶಗಳಲ್ಲಿ ಅದಿಲ್ಲದೆ ಕೆಲವು ಅಡುಗೆಗಳೇ ಇಲ್ಲ.

ಊರಿಗೆ ಬರುವ ದಾರಿಯ ಬಗ್ಗೆ ಒಂದು ಮಾತು. 1909ರವರೆಗೆ ಬರ್ಗನ್‌ಗೂ ರಾಜಧಾನಿಗೂ ನಡುವೆ ರೈಲಿರಲಿಲ್ಲ. ನಡುವೆ ಹಿಮದ ಪ್ರಸ್ಥಭೂಮಿ. ಆದ್ದರಿಂದ ಇಲ್ಲಿನವರಿಗೆ ಸ್ವಂತ ದೇಶದ ಪೂರ್ವ ಭಾಗಕ್ಕಿಂತ ಕಡಲಾಚೆಯ ಬಂದರುಗಳೇ ಹತ್ತಿರವಾಗಿದ್ದವು. ಈಗ ಓಸ್ಲೊದಿಂದ ರೈಲಿನಲ್ಲಿ ಸುಮಾರು ಏಳು ಗಂಟೆ. ದಾರಿಯಲ್ಲಿ 1,222 ಮೀಟರ್ ಎತ್ತರದ ಫಿನ್ಸೆ ನಿಲ್ದಾಣ ಬರುತ್ತದೆ. ವಿಮಾನ ಬೇಗ ತಲುಪಿಸುತ್ತದೆ, ನಿಜ. ಆದರೂ ಒಂದು ಕಡೆಯಾದರೂ ರೈಲಿನಲ್ಲಿ, ಹಗಲು ಹೊತ್ತಿನಲ್ಲೇ ಬನ್ನಿ.